ಬಡವರ ಮನೆಯ ದುಡ್ಡು ಬ್ಯಾಂಕಿನಲ್ಲಿ ಯಾಕಿದೆ?

ಮಾರ್ಚ್ ಬಂತು ಅಂದರೆ ನಮ್ಮ ಆಫೀಸಿನ ಕೆಲವರಿಗೆ ನನ್ನ ನೆನಪಾಗುತ್ತದೆ. ದಾನ ಕೊಡಬೇಕು, 80ಜಿ ರಸೀದಿ ಸಿಗುತ್ತಾ ಅಂತ ಕೇಳಿಕೊಂಡು ಬರುತ್ತಾರೆ. (ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ವಿನಾಯಿತಿಯೇ ಇಲ್ಲ. ಆದರೂ ರಸೀದಿ ಬೇಕು. ಇರಲಿ.) ನನ್ನ ಹತ್ತಿರ ಯಾಕೆ ಬರುತ್ತಾರೆ ಅಂದರೆ, ನಾನು ತಿಂಗಳಿಗೊಂದು ಶನಿವಾರ ಹಾಸನ ಜಿಲ್ಲೆಯ ಮಲೆನಾಡಿನ ಅಂಚಿನಲ್ಲಿರುವ ಒಂದು ಪುಟ್ಟ ಟ್ರಸ್ಟಿನ ಲೆಕ್ಕಪತ್ರ ನೋಡಿಕೊಡುತ್ತೇನೆ. ಬಡ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ನೆರವಾಗುವ ಟ್ರಸ್ಟು ಅದು. ಹೆಸರು ಬೇಡ. ಗುರುತು ಸಿಗದಿರಲಿ ಅಂತ ಮುಂದೆ ಬರುವ ಅಂಕಿಗಳನ್ನೂ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಈ ಸಲ ಬಂದ ಗೆಳೆಯ ಸ್ವಲ್ಪ ಹುಷಾರಿನವನು. ರಸೀದಿಗಿಂತ ಮೊದಲು ಬ್ಯಾಲೆನ್ಸ್ ಶೀಟ್ ಕೇಳಿದ. ಕೊಟ್ಟೆ. ಐದು ನಿಮಿಷ ಫೋನಿನಲ್ಲೇ ಹಿಗ್ಗಿಸಿ ನೋಡಿ, "ಬ್ಯಾಂಕಲ್ಲಿ 14 ಲಕ್ಷ ಇದೆಯಲ್ಲ ಗುರು! ಇಷ್ಟು ಇಟ್ಕೊಂಡು ನಮ್ಮ ಹತ್ರ ಯಾಕೆ ಕೇಳ್ತಾರೆ? ಮೊದಲು ಇದನ್ನ ಖರ್ಚು ಮಾಡ್ಲಿ" ಅಂದ.

ಅವನ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ನೈತಿಕ ತತ್ವಶಾಸ್ತ್ರದಲ್ಲಿ ಅದರ ಹಿಂದೆ ದೊಡ್ಡ ಬಲವೇ ಇದೆ. ಆಸ್ಟ್ರೇಲಿಯಾದ ತತ್ವಜ್ಞಾನಿ ಪೀಟರ್ ಸಿಂಗರ್ 1972ರಲ್ಲಿ ಒಂದು ಪ್ರಬಂಧ ಬರೆದರು. ದಾರಿಯಲ್ಲಿ ಹೋಗುವಾಗ ಆಳವಿಲ್ಲದ ಹೊಂಡದಲ್ಲಿ ಮಗುವೊಂದು ಮುಳುಗುತ್ತಿದೆ ಅಂದುಕೊಳ್ಳಿ. ಇಳಿದರೆ ನಿಮ್ಮ ಬಟ್ಟೆ ಕೆಸರಾಗುತ್ತದೆ, ಅಷ್ಟೇ. ಇಳಿಯುತ್ತೀರಾ ಇಲ್ಲವಾ? ಇಳಿಯಲೇಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಹಾಗಾದರೆ ಅದೇ ಮಗು ಕಣ್ಣೆದುರು ಇರದೆ ಸಾವಿರ ಮೈಲಿ ದೂರದಲ್ಲಿದ್ದರೆ ಕರ್ತವ್ಯ ಕಡಿಮೆಯಾಗುವುದು ಹೇಗೆ ಎನ್ನುವುದು ಸಿಂಗರ್ ಪ್ರಶ್ನೆ. ಈ ತರ್ಕವನ್ನು ಟ್ರಸ್ಟಿನ ಖಾತೆಗೆ ಹಚ್ಚಿ ನೋಡಿ. ಈ ಮಳೆಗಾಲ ಟಾರ್ಪಾಲಿನ ಕೆಳಗೆ ಮಲಗುವ ಕುಟುಂಬ ಒಂದು ಕಡೆ, ಫಿಕ್ಸೆಡ್ ಡೆಪಾಸಿಟ್ಟಿನಲ್ಲಿ ಬಡ್ಡಿ ಎಣಿಸುತ್ತ ಕೂತ ದುಡ್ಡು ಇನ್ನೊಂದು ಕಡೆ. ಬಟ್ಟೆ ಕೆಸರಾದೀತು ಅಂತ ದಡದಲ್ಲಿ ನಿಂತವರ ಹಾಗೇ ಕಾಣುತ್ತಾರೆ ಟ್ರಸ್ಟಿಗಳು.

ಆದರೆ ಮನೆ ಅನ್ನುವುದು ಹೊಂಡದಿಂದ ಎತ್ತುವ ಕೆಲಸದಂತೆ ಒಂದು ಕ್ಷಣದ್ದಲ್ಲ, ತೊಡಕು ಶುರುವಾಗುವುದೇ ಅಲ್ಲಿ. ಅನ್ನದಾನವನ್ನೇ ತಗೊಳ್ಳಿ. ಇವತ್ತು ನೂರು ಜನಕ್ಕೆ ಊಟ ಹಾಕಿ ನಾಳೆ ದುಡ್ಡು ಖಾಲಿಯಾದರೆ, ನಾಳೆಯ ಊಟ ಇಲ್ಲ ನಿಜ. ಆದರೆ ಇವತ್ತು ಉಂಡಿದ್ದು ಹಾಳಾಗುವುದಿಲ್ಲ. ಮನೆ ಹಾಗಲ್ಲ. ಅರ್ಧ ಕಟ್ಟಿದ ಮನೆಯಿಂದ ಅರ್ಧ ಉಪಯೋಗವೂ ಇಲ್ಲ. ಎಷ್ಟೋ ಸಲ ಏನೂ ಕಟ್ಟದೇ ಇದ್ದಿದ್ದರೇ ವಾಸಿಯಿತ್ತು. ಯಾಕೆಂದರೆ ಇವರಲ್ಲಿ ಬಹುಪಾಲು ಜನಕ್ಕೆ ಇರುವುದು ಒಂದೇ ನಿವೇಶನ. ಹೊಸ ಪಾಯ ತೆಗೆಯಬೇಕಾದರೆ ಹಳೇ ಗುಡಿಸಲು ಬಿಚ್ಚಬೇಕು. ಸೋರಿದರೂ ತಲೆ ಮೇಲೊಂದು ಸೂರು ಅಂತ ಇದ್ದಿದ್ದನ್ನು, ನಮ್ಮ ಮಾತು ನಂಬಿ, ಅವರೇ ಕೈಯಾರೆ ಬಿಚ್ಚುತ್ತಾರೆ. ಆ ದಿನದಿಂದ ಟ್ರಸ್ಟು ಬೇರೆಯದೇ ನೈತಿಕ ಸ್ಥಿತಿಗೆ ಬರುತ್ತದೆ. ಅಲ್ಲಿಯವರೆಗೆ ಅದು ಸಹಾಯ ಮಾಡಬಹುದಾದ ಸಂಸ್ಥೆ. ಅಲ್ಲಿಂದಾಚೆ ಅದು ಸಾಲಗಾರ.

ಕೆಲಸ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳುತ್ತೇನೆ, ನಗರದಲ್ಲಿ ಕೂತವರಿಗೆ ಇದು ಗೊತ್ತಿರುವುದಿಲ್ಲ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಶುರುವಾದಾಗ, 2016ರಲ್ಲಿ, ಒಂದು ಮನೆಗೆ ನಿಗದಿಯಾದ ನೆರವು ಬಯಲು ಪ್ರದೇಶದಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ಕನಿಷ್ಠ 25 ಚದರ ಮೀಟರಿನ ಮನೆ. ಸಿಮೆಂಟು, ಕಂಬಿ, ಎಂ-ಸ್ಯಾಂಡ್ ದರ ಗೊತ್ತಿರುವ ಯಾರಿಗಾದರೂ ಈ ದುಡ್ಡು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಗೊತ್ತು. ಅದೂ ಒಟ್ಟಿಗೆ ಬರುವುದಿಲ್ಲ. ಪಾಯ, ಲಿಂಟಲ್, ಛಾವಣಿ ಹೀಗೆ ಹಂತ ಹಂತವಾಗಿ, ಆಯಾ ಹಂತ ಮುಗಿದ ಮೇಲೆ ಸ್ಥಳದ ಫೋಟೋ ಅಪ್‌ಲೋಡ್ ಆಗಿ, ಮಂಜೂರಾಗಿ, ಖಾತೆಗೆ ಬೀಳುತ್ತದೆ. ಕೆಲಸ ಮೊದಲು, ದುಡ್ಡು ಆಮೇಲೆ. ದುಡ್ಡಿದ್ದವರಿಗೆ ಇದು ಸರಿಯಾದ ಕ್ರಮ. ಕೂಲಿ ಮಾಡಿ ತಿನ್ನುವವರಿಗೆ ಪಾಯಕ್ಕೆ ಹಾಕಲು ದುಡ್ಡಿದ್ದಿದ್ದರೆ ಯೋಜನೆಯೇ ಬೇಕಿರಲಿಲ್ಲ. ಅದಕ್ಕೇ ಒಬ್ಬ ಬಡ್ಡಿ ಸಾಲದವನು, ಇಲ್ಲವೇ ಇಂಥದ್ದೊಂದು ಟ್ರಸ್ಟು ನಡುವೆ ಬರಬೇಕಾಗುತ್ತದೆ. ನಮ್ಮ ಟ್ರಸ್ಟು ಮಾಡುವುದು ಇದನ್ನೇ: ಕಡಿಮೆ ಬಿದ್ದ ದುಡ್ಡು ತುಂಬುವುದು, ತಡವಾಗುವ ದುಡ್ಡಿಗೆ ಮುಂಗಡ ಕೊಡುವುದು, ಮೇಸ್ತ್ರಿ ಕಳ್ಳಾಟ ಆಡದ ಹಾಗೆ ನೋಡಿಕೊಳ್ಳುವುದು.

ಈಗ ಆ 14 ಲಕ್ಷಕ್ಕೆ ಬರೋಣ. ಅದರಲ್ಲಿ 9 ಲಕ್ಷ ಒಂದು ಕಂಪನಿಯ ಸಿಎಸ್‌ಆರ್ ಹಣ. ಒಂದು ನಿರ್ದಿಷ್ಟ ಗ್ರಾಮ ಪಂಚಾಯಿತಿಯ ಆರು ಮನೆಗಳಿಗೇ ಮೀಸಲು. 3 ಲಕ್ಷ ಒಂದು ಕುಟುಂಬ ತಮ್ಮ ತಂದೆಯ ನೆನಪಿಗೆ ಕೊಟ್ಟಿದ್ದು, ಶೌಚಾಲಯ ಮತ್ತು ಬಚ್ಚಲುಮನೆಗೆ ಮಾತ್ರ. ಉಳಿದಿದ್ದು 2 ಲಕ್ಷ. ಸೈಟ್ ಸೂಪರ್‌ವೈಸರ್, ಊರೂರು ತಿರುಗುವ ಒಬ್ಬ ಹುಡುಗಿ, ಅರೆಕಾಲಿಕ ಗುಮಾಸ್ತ, ಆಫೀಸ್ ಬಾಡಿಗೆ, ಪೆಟ್ರೋಲ್ ಎಲ್ಲ ಸೇರಿ ತಿಂಗಳ ಖರ್ಚು 85 ಸಾವಿರ. ಅಂದರೆ ಈ 2 ಲಕ್ಷ ಎರಡೂವರೆ ತಿಂಗಳಿಗೂ ಸಾಲದು. ಇದರ ಜೊತೆ, ಆ ಆರು ಮನೆ ಬಿಟ್ಟು ಇನ್ನೂ ಐದು ಮನೆ ಬೇರೆ ಬೇರೆ ಹಂತದಲ್ಲಿ ನಿಂತಿವೆ. ಅವನ್ನು ಮುಗಿಸಲು ಟ್ರಸ್ಟು ಕೊಡುತ್ತೇನೆಂದು ಒಪ್ಪಿಕೊಂಡ ಬಾಕಿ 4 ಲಕ್ಷ. ನನ್ನ ಗೆಳೆಯನಿಗೆ 14 ಲಕ್ಷದ ಶ್ರೀಮಂತನಂತೆ ಕಂಡ ಟ್ರಸ್ಟು, ಕೊಟ್ಟ ಮಾತನ್ನು ಲೆಕ್ಕಕ್ಕೆ ಹಿಡಿದರೆ, ಸಂಬಳಕ್ಕೆ ಒಂದು ರೂಪಾಯಿ ಮುಟ್ಟುವ ಮೊದಲೇ 2 ಲಕ್ಷ ಕೊರತೆಯಲ್ಲಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಬಿಚ್ಚಿದ ಗುಡಿಸಲುಗಳಿಗೆ ಒಂದು ಕಾಲಂ ಇರುವುದಿಲ್ಲ.

"ಮೀಸಲು ಅಂದ್ರೆ ಏನು ಸ್ವಾಮಿ, ಎಲ್ಲಾ ಬಡವರ ಮನೆಗೇ ಅಲ್ವಾ? ಇಲ್ಲಿಂದ ತೆಗೆದು ಅಲ್ಲಿಗೆ ಹಾಕಿದರೆ ಏನಾಯ್ತು?" ಅಂತ ನಿಮಗನ್ನಿಸಬಹುದು. ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡಿದವರನ್ನು ಕೇಳಿ ಏನಾಗುತ್ತೆ ಅಂತ. ಒಂದು ಪ್ರಾಜೆಕ್ಟಿನ ಗ್ರಾಹಕರಿಂದ ತಗೊಂಡ ದುಡ್ಡನ್ನು ಬಿಲ್ಡರ್ ಇನ್ನೊಂದು ಕಡೆ ಜಾಗ ಕೊಳ್ಳಲು ಹಾಕುತ್ತಾನೆ. ಅಲ್ಲಿ ಮಾರಾಟ ನಿಧಾನವಾದರೆ ಇಲ್ಲಿ ಕೆಲಸ ನಿಲ್ಲುತ್ತದೆ. ಇತ್ತ ಬಾಡಿಗೆ, ಅತ್ತ ಇಎಂಐ. ಈ ಸಂಕಟದಿಂದಲೇ ಹುಟ್ಟಿದ್ದು 2016ರ ರೇರಾ ಕಾಯ್ದೆ. ಗ್ರಾಹಕರಿಂದ ಬಂದ ಹಣದ ಶೇ. 70 ಭಾಗವನ್ನು ಆ ಪ್ರಾಜೆಕ್ಟಿಗೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು, ಜಾಗದ ಮತ್ತು ನಿರ್ಮಾಣದ ವೆಚ್ಚಕ್ಕೆ ಮಾತ್ರ ತೆಗೆಯಬೇಕು ಅನ್ನುತ್ತದೆ ಅದು. ನಮ್ಮ ಮಧ್ಯಮ ವರ್ಗ ಬೀದಿಗಿಳಿದು ಪಡೆದುಕೊಂಡ ತತ್ವ ಇದು: ಒಬ್ಬನ ಗೋಡೆಯ ದುಡ್ಡಿನಲ್ಲಿ ಇನ್ನೊಬ್ಬನ ಪಾಯ ತೋಡಬಾರದು. ಬಿಲ್ಡರ್ ದುರಾಸೆಯಿಂದ ಮಾಡಿದರೆ ತಪ್ಪು, ಟ್ರಸ್ಟು ಕರುಣೆಯಿಂದ ಮಾಡಿದರೆ ಸರಿ ಅನ್ನಬಹುದಾ? ನನಗೆ ಹಾಗನ್ನಿಸುವುದಿಲ್ಲ. ದುಡ್ಡು ಕಳೆದುಕೊಂಡವನಿಗೆ ಕಾರಣ ಕಟ್ಟಿಕೊಂಡು ಏನಾಗಬೇಕು?

ಹೀಗೆ ಬರೆಯುವುದು ಸುಲಭ. ಎರಡು ವರ್ಷದ ಹಿಂದೆ ಇದೇ ಮಾತನ್ನು ಟ್ರಸ್ಟಿನ ಮೀಟಿಂಗಿನಲ್ಲಿ ಆಡಬೇಕಾಗಿ ಬಂತು. ಏಪ್ರಿಲ್ ಕೊನೆ. ಕಾಫಿ ತೋಟದಲ್ಲಿ ಕೂಲಿ ಮಾಡುವ ಒಬ್ಬ ಹೆಂಗಸಿನ ಮನೆ ಲಿಂಟಲ್ ದಾಟಿ ಗೋಡೆ ಮುಗಿದು ನಿಂತಿತ್ತು. ಜೊತೆಗೆ ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು. ಸರ್ಕಾರದ ಕಂತು ಬಂದಿರಲಿಲ್ಲ. ಸೆಂಟ್ರಿಂಗ್, ಕಂಬಿ, ಸಿಮೆಂಟಿಗೆ 60 ಸಾವಿರ ಮುಂಗಡ ಹಾಕಿದ್ದರೆ ಮೇ ಎರಡನೇ ವಾರದೊಳಗೆ ಮೋಲ್ಡ್ ಹಾಕಿಬಿಡಬಹುದಿತ್ತು. ಆ ಹೊತ್ತಿಗೆ ಟ್ರಸ್ಟಿನ ಸ್ವಂತ ದುಡ್ಡು ಅಂತ ಉಳಿದಿದ್ದು ಒಂದು ತಿಂಗಳ ಸಂಬಳಕ್ಕೂ ಸಾಲದಷ್ಟು. ಮೀಸಲು ಖಾತೆಯಲ್ಲಿ ಮಾತ್ರ ಬೇರೊಂದು ಊರಿನ ಮನೆಗಳ ಹಣ ಸುಮ್ಮನೆ ಕೂತಿತ್ತು. ಅಲ್ಲಿನ ಹಕ್ಕುಪತ್ರ ಸಿಗದೆ ಕೆಲಸ ಶುರುವೇ ಆಗಿರಲಿಲ್ಲ.

ಟ್ರಸ್ಟಿನ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಮೂವತ್ತು ವರ್ಷ ಪಾಠ ಮಾಡಿದವರು, ಊರಿನಲ್ಲಿ ಅವರ ಮಾತಿಗೆ ಬೆಲೆಯಿದೆ. "ತೆಗೆದು ಹಾಕೋಣ ಕಣಪ್ಪ. ಸರ್ಕಾರದ ಕಂತು ಬಂದ ತಕ್ಷಣ ತುಂಬಿದರಾಯ್ತು. ಯಾರಿಗೆ ನಷ್ಟ?" ಅಂದರು. ಬೇಡ ಸಾರ್ ಅಂದೆ ನಾನು. ಕಂತು ಯಾವಾಗ ಬರುತ್ತೆ ಅಂತ ನಮಗೆ ಗೊತ್ತಿಲ್ಲ, ಆ ಊರಿನ ಹಕ್ಕುಪತ್ರ ನಾಳೆಯೇ ಸಿಕ್ಕರೆ ಅವರಿಗೆ ಏನು ಹೇಳೋದು, ಒಮ್ಮೆ ಅಭ್ಯಾಸವಾದರೆ ಯಾವ ಖಾತೆ ಯಾರದ್ದು ಅಂತಲೇ ಗೊತ್ತಾಗದ ಹಾಗಾಗುತ್ತೆ ಅಂತೆಲ್ಲ ವಾದಿಸಿದೆ. ಕೊನೆಗೆ ಎಲ್ಲರೂ ಒಪ್ಪಿ, ದುಡ್ಡು ಕೊಟ್ಟ ಕಂಪನಿಗೆ ಅನುಮತಿ ಕೇಳಿ ಪತ್ರ ಬರೆದೆವು. ಉತ್ತರ ಬಂದಿದ್ದು ಜೂನ್ ಮಧ್ಯದಲ್ಲಿ: ಅವಕಾಶವಿಲ್ಲ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಮಲೆನಾಡಿನ ಮಳೆಗೆ ಯಾವ ಮೇಸ್ತ್ರಿಯೂ ಮೋಲ್ಡ್ ಹಾಕುವುದಿಲ್ಲ. ಮೇಲೆ ಸೂರಿಲ್ಲದ ಹೊಸ ಗೋಡೆ ನಾಲ್ಕು ತಿಂಗಳು ನೆನೆಯಿತು. ಆ ಕುಟುಂಬ ಪರಿಚಯದವರ ದನದ ಕೊಟ್ಟಿಗೆಯ ಪಕ್ಕದ ಶೀಟಿನ ಮರೆಯಲ್ಲಿ ಕಾಲ ಹಾಕಿತು. ಮೋಲ್ಡ್ ಬಿದ್ದಿದ್ದು ಅಕ್ಟೋಬರ್ ಕೊನೆಯಲ್ಲಿ.

ಜುಲೈನಲ್ಲಿ ಹೋದಾಗ ಆಕೆ ಕೇಳಿದ್ದು ಜಗಳದ ದನಿಯಲ್ಲಿ ಏನೂ ಅಲ್ಲ. "ಬ್ಯಾಂಕಲ್ಲಿ ದುಡ್ಡೈತೆ ಅಂದ್ರಲ್ಲ ಸಾರ್?"

"ಐತೆ ಅಕ್ಕಾ, ಆದರೆ ಅದು ಬೇರೆಯವರ ಮನೆ ದುಡ್ಡು."

"ಮತ್ತೆ ನಮ್ ಮನೆ ದುಡ್ಡು ಎಲ್ಲೈತೆ?"

ಎಲ್ಲೂ ಇರಲಿಲ್ಲ. ಅದು ಸರ್ಕಾರದ ಯಾವುದೋ ಕಡತದಲ್ಲಿ, ಮುಂದಿನ ಮಾರ್ಚಿನ ಯಾವುದೋ ದಾನಿಯ ಮನಸ್ಸಿನಲ್ಲಿ ಇತ್ತು. ನಾನು ಅವತ್ತು ಮೀಟಿಂಗಿನಲ್ಲಿ ಹೇಳಿದ್ದು ಸರಿ ಅಂತ ಈಗಲೂ ನಂಬಿದ್ದೇನೆ. ಅದೇ ಪರಿಸ್ಥಿತಿ ಬಂದರೆ ಅದನ್ನೇ ಹೇಳುತ್ತೇನೆ. ಆದರೆ ಒಂದು ವಿಷಯ ಕೊರೆಯುತ್ತಲೇ ಇದೆ. ಪ್ರಾಮಾಣಿಕತೆಯ ತೀರ್ಮಾನ ನಮ್ಮದು, ಅದರ ಬೆಲೆ ತೆತ್ತಿದ್ದು ಆಕೆ. ಆ ರಾತ್ರಿಗಳಲ್ಲಿ ನಾನು ವಿಜಯನಗರದ ನನ್ನ ಬಾಡಿಗೆ ಮನೆಯಲ್ಲಿ ಫ್ಯಾನ್ ಹಾಕಿಕೊಂಡು ಮಲಗಿದ್ದೆ. ಆಕೆಗೆ ಮೀಟಿಂಗಿನಲ್ಲಿ ಕುರ್ಚಿ ಇರಲಿಲ್ಲ, ಮತ ಇರಲಿಲ್ಲ.

ಇದನ್ನು ತಿರುಗಿಸಿ ತಿರುಗಿಸಿ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಅವತ್ತು ನಾವು ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡಿದ್ದೆವು: ಮಾತು ಮುರಿಯುವುದು, ಅಥವಾ ಆಕೆಯನ್ನು ಮಳೆಗೆ ಬಿಡುವುದು. ಎರಡೂ ಕೆಟ್ಟವೇ. ನೀತಿಯ ಪುಸ್ತಕಗಳು ಇಂಥ ಇಕ್ಕಟ್ಟುಗಳನ್ನು ಮುಂದಿಟ್ಟು, ಯಾವುದು ಸರಿ ಹೇಳು ಅನ್ನುತ್ತವೆ. ಆದರೆ ಈ ಇಕ್ಕಟ್ಟು ಆಕಾಶದಿಂದ ಬಿದ್ದಿದ್ದಲ್ಲ. ಯಾವ ಮನೆಗೂ ಕಟ್ಟಿಹಾಕದ 60 ಸಾವಿರ ರೂಪಾಯಿ ಟ್ರಸ್ಟಿನಲ್ಲಿ ಇದ್ದಿದ್ದರೆ ಇಕ್ಕಟ್ಟೇ ಇರುತ್ತಿರಲಿಲ್ಲ. ಅಂಥ ದುಡ್ಡು ಯಾಕಿರಲಿಲ್ಲ ಅಂತ ಕೇಳಬೇಕಾದ್ದು ಏಪ್ರಿಲ್ಲಿನಲ್ಲಿ ಅಲ್ಲ, ಅದಕ್ಕೂ ಬಹಳ ಮೊದಲು. ಮತ್ತೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರಲ್ಲಿ ನನ್ನ ಗೆಳೆಯನಂಥವರೂ, ಅಂದರೆ ನಾವು ನೀವೂ, ಇದ್ದೇವೆ.

ಯಾಕೆ ಅಂತೀರಾ? ನಮಗೆ ಮನೆ ಕೊಡಿಸಲು ಇಷ್ಟ. ಬಾಗಿಲ ಪಕ್ಕ ಒಂದು ಫಲಕ, ಕೀಲಿ ಕೊಡುವ ಫೋಟೋ, ಅಜ್ಜಿಯ ಕಣ್ಣಲ್ಲಿ ನೀರು. ಸೂಪರ್‌ವೈಸರ್ ಸಂಬಳಕ್ಕೆ ಕೊಡಿ ಅಂದರೆ ಮುಖ ಸಣ್ಣದಾಗುತ್ತದೆ. "ನೂರು ರೂಪಾಯಿ ಕೊಟ್ಟರೆ ನೂರೂ ಬಡವರಿಗೆ ಹೋಗುತ್ತಾ?" ಅನ್ನುವುದು ನಮ್ಮ ಪ್ರಾಮಾಣಿಕತೆಯ ಪರೀಕ್ಷೆ. ಆ ಸೂಪರ್‌ವೈಸರ್ ಇಲ್ಲದಿದ್ದರೆ ಕಾಲಂಗೆ ಹಾಕಬೇಕಾದ ಕಂಬಿ ಮೇಸ್ತ್ರಿಯ ಮನೆಗೆ ಹೋಗುತ್ತದೆ. ಆಗಲೂ ನೂರಕ್ಕೆ ನೂರು ಖರ್ಚಾಗಿರುತ್ತದೆ, ಲೆಕ್ಕದ ಪುಸ್ತಕದಲ್ಲಿ. ಬೇರೆ ಯಾವ ಕಂಪನಿಯನ್ನಾದರೂ ಹೀಗೆ ಕೇಳುತ್ತೇವಾ? ನಾವು ಕುಡಿಯುವ ಇನ್ನೂರು ರೂಪಾಯಿಯ ಕಾಫಿಯಲ್ಲಿ ಕಾಫಿಬೀಜಕ್ಕೆ ಎಷ್ಟು ಹೋಯ್ತು ಅಂತ ಯಾರೂ ವಿಚಾರಿಸುವುದಿಲ್ಲ.

ಕಾನೂನೂ ಈ ಅನುಮಾನವನ್ನೇ ಹಂಚಿಕೊಳ್ಳುತ್ತದೆ. ಧರ್ಮಾರ್ಥ ಸಂಸ್ಥೆಗಳು ತಮ್ಮ ಆದಾಯದ ಶೇ. 85ನ್ನು ಆ ವರ್ಷವೇ ಉದ್ದೇಶಕ್ಕೆ ವಿನಿಯೋಗಿಸಬೇಕು, ಉಳಿದ 15ನ್ನು ಇಟ್ಟುಕೊಳ್ಳಬಹುದು. ಹೆಚ್ಚು ಇಟ್ಟುಕೊಳ್ಳಬೇಕೆಂದರೆ ಇಂಥದ್ದಕ್ಕೆ ಅಂತ ನಮೂನೆ ತುಂಬಿ ಹೇಳಬೇಕು, ಅದಕ್ಕೂ ಐದು ವರ್ಷದ ಗಡುವು. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಇನ್ನು ಸಿಎಸ್‌ಆರ್ ನಿಯಮದಲ್ಲಿರುವ ಶೇ. 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಖರ್ಚಿಗೆ. ಆದರೆ ನಾನು ಮಾತಾಡಿದ ಒಂದಿಬ್ಬರು ಸಿಎಸ್‌ಆರ್ ಅಧಿಕಾರಿಗಳು ಅದನ್ನೇ ಟ್ರಸ್ಟಿನ ಸಂಬಳಕ್ಕೂ ಹಚ್ಚಿ, "ಸಾರಿ, ರೂಲ್ ಹಾಗಿದೆ" ಅಂದಿದ್ದುಂಟು. ಕಳ್ಳ ಟ್ರಸ್ಟುಗಳು ಇಲ್ಲ ಅಂತ ನಾನು ಹೇಳುತ್ತಿಲ್ಲ, ಬೇಕಾದಷ್ಟಿವೆ. ಆದರೆ ಕಳ್ಳನಿಗೆ ಹಾಕಿದ ಬೀಗದಿಂದ ಮೊದಲು ತೊಂದರೆಯಾಗುವುದು ಬೀಗ ಮುರಿಯಲು ಬಾರದವನಿಗೆ.

ತಮಾಷೆ ಏನು ಗೊತ್ತಾ? ನಮ್ಮ ತಲೆಮಾರಿಗೆ ಹಣಕಾಸಿನ ಮೊದಲ ಪಾಠವೇ ಎಮರ್ಜೆನ್ಸಿ ಫಂಡ್. ಆರು ತಿಂಗಳ ಖರ್ಚು ಪಕ್ಕಕ್ಕಿಟ್ಟು ಆಮೇಲೆ ಎಸ್‌ಐಪಿ ಶುರು ಮಾಡಿ ಅಂತ ಯೂಟ್ಯೂಬಿನಲ್ಲಿ ಎಲ್ಲರೂ ಹೇಳುತ್ತಾರೆ, ನಾವೂ ಮಾಡುತ್ತೇವೆ. ನನ್ನ ಆ ಗೆಳೆಯನಿಗೆ ಲೇಆಫ್ ಭಯ ಶುರುವಾದಾಗ ಆರಿದ್ದಿದ್ದನ್ನು ಹನ್ನೆರಡು ತಿಂಗಳಿಗೆ ಏರಿಸಿಕೊಂಡ. ನಾನದನ್ನು ವಿವೇಕ ಅನ್ನುತ್ತೇನೆ. ಹನ್ನೊಂದು ಕುಟುಂಬಗಳು ನಂಬಿಕೊಂಡಿರುವ ಸಂಸ್ಥೆ ಅದನ್ನೇ ಮಾಡಿದರೆ ಮಾತ್ರ ಅದಕ್ಕೆ ದುಡ್ಡು ಹೂತಿಡುವುದು ಅನ್ನುವ ಹೆಸರು ಬರುತ್ತದೆ. ನಮ್ಮ ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದವೇ ಇದೆ: ಆಪದ್ಧನ. ಹಳ್ಳಿಯ ಸಹಕಾರಿ ಸಂಘದ ವಾರ್ಷಿಕ ವರದಿ ನೋಡಿದ್ದರೆ ನಿಮಗೆ ಈ ಮಾತು ಗೊತ್ತಿರುತ್ತದೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಶುರುವಾದ ನಮ್ಮ ಸಹಕಾರ ಚಳವಳಿಯಲ್ಲಿ ಆಪದ್ಧನಕ್ಕೆ ಯಾರೂ ನಾಚಿಕೊಂಡಿದ್ದಿಲ್ಲ. ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆ ನಿವ್ವಳ ಲಾಭದಲ್ಲಿ ಕನಿಷ್ಠ ಕಾಲು ಭಾಗ ಮೀಸಲಿಗೆ ಹೋಗಬೇಕು ಅನ್ನುತ್ತದೆ. ರೈತರ ಸಂಘಕ್ಕೆ ಕಡ್ಡಾಯವಾದದ್ದು ಬಡವರ ಮನೆಯ ಟ್ರಸ್ಟಿಗೆ ಅನುಮಾನದ ವಿಷಯ.

ಹಾಗಂತ ಎಷ್ಟು ಬೇಕಾದರೂ ಕೂಡಿಡಬಹುದಾ? ಇಲ್ಲ. ಸಿಂಗರ್ ಪ್ರಶ್ನೆ ಮತ್ತೆ ಹಲ್ಲು ಕಿಸಿಯುವುದು ಇಲ್ಲಿಯೇ. ವರ್ಷಗಟ್ಟಲೆ ಡೆಪಾಸಿಟ್ ಬೆಳೆಸುತ್ತಾ, ಬಡ್ಡಿಯಲ್ಲಿ ಸಂಬಳ ಕೊಡುತ್ತಾ, ವರ್ಷಕ್ಕೆರಡು ಮನೆ ಕಟ್ಟಿ ದೊಡ್ಡ ಫ್ಲೆಕ್ಸ್ ಹಾಕುವ ಸಂಸ್ಥೆಯನ್ನು ನಾನು ಸಮರ್ಥಿಸಲಾರೆ. ನನ್ನ ಮಟ್ಟಿಗೆ ಲೆಕ್ಕ ಹೀಗೆ: ಗುಡಿಸಲು ಬಿಚ್ಚಿಸಿದ ಪ್ರತಿ ಮನೆಯನ್ನೂ, ಹೊಸದಾಗಿ ಒಂದು ರೂಪಾಯಿ ಬರದಿದ್ದರೂ, ಮುಗಿಸುವಷ್ಟು, ಅದು ಮುಗಿಯುವವರೆಗೆ ಕೆಲಸದವರಿಗೆ ಸಂಬಳ ಕೊಡುವಷ್ಟು. ಅದಕ್ಕಿಂತ ಹೆಚ್ಚಾದದ್ದು ಟ್ರಸ್ಟಿನ ದುಡ್ಡಲ್ಲ, ಅದು ಸರದಿಯಲ್ಲಿ ನಿಂತ ಮುಂದಿನ ಕುಟುಂಬದ್ದು. ಅದನ್ನು ಇಟ್ಟುಕೊಂಡು ಕೂತರೆ ನನ್ನ ಗೆಳೆಯ ಬೈದಿದ್ದು ಸರಿ.

ಈ ಅಳತೆಗೋಲು ಹಿಡಿದರೆ ಇನ್ನೊಂದು ಕಹಿ ತೀರ್ಮಾನವೂ ಬರುತ್ತದೆ. ಕೈಯಲ್ಲಿ ಹನ್ನೆರಡು ಮನೆ ಮುಗಿಸುವ ಶಕ್ತಿ ಇದ್ದಾಗ ಇಪ್ಪತ್ತು ಶುರು ಮಾಡಬಾರದು, ದೇವರು ನಡೆಸ್ತಾನೆ ಅಂತ ಹೊರಡಬಾರದು. ಮೇಷ್ಟ್ರಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. ಶುರು ಮಾಡಿದರೆ ದುಡ್ಡು ಬರುತ್ತೆ ಕಣಪ್ಪ, ಅರ್ಧ ಕಟ್ಟಿದ ಮನೆ ಕಂಡರೆ ಜನ ಕೊಡ್ತಾರೆ ಅನ್ನುತ್ತಾರೆ. ಅವರ ಅನುಭವದಲ್ಲಿ ಅದು ಎಷ್ಟೋ ಸಲ ನಿಜವೂ ಆಗಿದೆ. ಆದರೆ ಹಾಗೆ ಮಾಡಿದಾಗ ಆ ಕುಟುಂಬದ ಸಂಕಟವನ್ನೇ ನಾವು ಭಿಕ್ಷಾಪಾತ್ರೆ ಮಾಡಿಕೊಂಡಂತಾಗುತ್ತದೆ. ಪಾತ್ರೆ ತುಂಬಿದರೆ ನಮ್ಮ ಹೆಸರು, ತುಂಬದಿದ್ದರೆ ಅವರ ಹಣೆಬರಹ.

ಮನೆ ಪಡೆಯುವವರಿಂದಲೂ ಏನಾದರೂ ತಗೋಬೇಕಾ ಅನ್ನುವುದು ಹಳೇ ಜಗಳ. 1865ರಲ್ಲಿ ಲಂಡನ್ನಿನ ಮೆರಿಲ್‌ಬೋನ್‌ನಲ್ಲಿ ಆಕ್ಟೇವಿಯಾ ಹಿಲ್ ಎಂಬಾಕೆ ಬಡವರ ವಸತಿಯ ಕೆಲಸ ಶುರು ಮಾಡಿದಳು. ಮೊದಲ ಮನೆಗಳಿಗೆ ದುಡ್ಡು ಹಾಕಿದ್ದು ಲೇಖಕ ಜಾನ್ ರಸ್ಕಿನ್. ಗಾಂಧಿಯನ್ನು ಅಲುಗಾಡಿಸಿದ ಪುಸ್ತಕ ಬರೆದವನು ಅಂದರೆ ನಮಗೆ ಬೇಗ ಗುರುತು ಸಿಗುತ್ತದೆ. ರಸ್ಕಿನ್ನನ ಷರತ್ತು ಶೇ. 5 ಪ್ರತಿಫಲ ಬರಬೇಕು ಅಂತ. ದಾನ ಅಂದರೆ ಬೇರೆ ಯಾರೂ ಹಿಂದೆ ಬರಲಾರರು, ಚೂರು ಆದಾಯವಿದ್ದರೆ ಬರುತ್ತಾರೆ ಎನ್ನುವ ಲೆಕ್ಕ. ಹಿಲ್ ವಾರವಾರವೂ ಬಾಡಿಗೆ ವಸೂಲಿ ಮಾಡುತ್ತಿದ್ದಳು, ಕೊಡದವರನ್ನು ಮುಲಾಜಿಲ್ಲದೆ ಹೊರಗೆ ಹಾಕುತ್ತಿದ್ದಳು. ಬಡವರಿಗೆ ಶಿಸ್ತು ಕಲಿಸುವ ಆಕೆಯ ಮೇಡಂಗಿರಿ ನನಗೆ ಹಿಡಿಸುವುದಿಲ್ಲ. ಸರ್ಕಾರ ಮನೆ ಕಟ್ಟುವುದನ್ನೇ ಆಕೆ ವಿರೋಧಿಸಿದ್ದು ಇನ್ನೂ ಹಿಡಿಸುವುದಿಲ್ಲ. ಆದರೆ ಆಕೆಯ ಒಂದು ಏರ್ಪಾಡು ಮಾತ್ರ ಮೆಚ್ಚುಗೆಯಾಗುತ್ತದೆ. ಪ್ರತಿ ವರ್ಷ ರಿಪೇರಿಗೆಂದು ಒಂದು ಮೊತ್ತ ತೆಗೆದಿಡುತ್ತಿದ್ದಳು. ಒಡೆದಿದ್ದು ಕಡಿಮೆಯಾಗಿ ದುಡ್ಡು ಉಳಿದರೆ, ಅದರಲ್ಲಿ ಏನು ಸುಧಾರಣೆ ಮಾಡಬೇಕು ಅಂತ ಹೇಳುವವರು ಬಾಡಿಗೆದಾರರು.

ಅಂದರೆ ಆಪದ್ಧನದ ಮೇಲೆ, ಸಣ್ಣದಾಗಿಯಾದರೂ, ಅಲ್ಲಿ ವಾಸಿಸುವವರ ಹಕ್ಕು. ನಮ್ಮ ಟ್ರಸ್ಟಿನಲ್ಲಿ ಮನೆಯವರು ಪಾಯ ತೋಡುವುದು, ಕಲ್ಲು ಹೊರುವುದು, ಗೋಡೆಗೆ ನೀರು ಹಾಕುವುದು ಹೀಗೆ ತಮ್ಮ ಪಾಲಿನ ದುಡಿಮೆ ಹಾಕುತ್ತಾರೆ. ಆದರೆ ದುಡ್ಡಿನ ಮಾತು ಬಂದಾಗ ಅವರು ಹೊರಗೆ ಜಗಲಿಯಲ್ಲಿ. ಹೋದ ವರ್ಷದಿಂದ ಇದನ್ನು ಸ್ವಲ್ಪ ಬದಲಾಯಿಸಿದ್ದೇವೆ. ಮನೆ ಮುಗಿದವರಲ್ಲಿ ಇಬ್ಬರು ಈಗ ಮೀಟಿಂಗಿಗೆ ಬರುತ್ತಾರೆ. "ಛಾವಣಿ ನಿಧಿ" ಅಂತ ಒಂದು ಬೇರೆ ಲೆಕ್ಕ ತೆರೆದಿದ್ದೇವೆ. ಯಾವ ಮನೆಗೂ ಕಟ್ಟಿಹಾಕದ, ಮಳೆಗೆ ಮುಂಚೆ ಯಾರ ಗೋಡೆ ನಿಂತಿದೆಯೋ ಅವರಿಗೆ ಮುಂಗಡ ಕೊಟ್ಟು, ಕಂತು ಬಂದಾಗ ವಾಪಸ್ ತುಂಬುವ ದುಡ್ಡು. ಸರದಿ ಹೇಗೆ ಅಂತ ತೀರ್ಮಾನಿಸುವಾಗ ಆ ಇಬ್ಬರ ಮಾತಿಗೆ ತೂಕ ಹೆಚ್ಚು. ಕೊಟ್ಟಿಗೆ ಪಕ್ಕದಲ್ಲಿ ಮಳೆಗಾಲ ಕಳೆದ ಆಕೆ ಅವರಲ್ಲಿ ಒಬ್ಬಳು. ಮೊದಲ ಮೀಟಿಂಗಿನಲ್ಲಿ ಆಕೆ ಕೇಳಿದ್ದು ಒಂದೇ: ಈ ದುಡ್ಡನ್ನ ಯಾರಾದ್ರೂ ಸಂಬಳಕ್ಕೆ ತೆಗೀಬೋದಾ? ತೆಗೆಯಬಾರದು ಅಂತ ಠರಾವು ಬರೆಸಿ ಹೆಬ್ಬೆಟ್ಟು ಒತ್ತಿ ಹೋದಳು. ಅದರಿಂದ ನನಗೆ ಸ್ವಲ್ಪ ಕಷ್ಟವೇ ಆಯಿತು, ಸಂಬಳಕ್ಕೆ ಬೇರೆ ದುಡ್ಡು ಹುಡುಕಬೇಕಲ್ಲ.

ಛಾವಣಿ ನಿಧಿಗೆ ದಾನ ಕೇಳುವುದು ಕಷ್ಟ. ತೋರಿಸಲು ಮನೆ ಇಲ್ಲ, ಫಲಕ ಇಲ್ಲ. ಗೆಳೆಯನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಯೋಚನೆ ಮಾಡ್ತೀನಿ ಅಂದಿದ್ದಾನೆ. ಅವನ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ಹೋಗಬೇಕು ಅಂತ ನನಗೂ ಇಲ್ಲ. ಬ್ಯಾಲೆನ್ಸ್ ಶೀಟ್ ಕೇಳುವವರು ಹೆಚ್ಚಾಗಲಿ, ಅದರ ಜೊತೆ ಎಷ್ಟು ಗುಡಿಸಲು ಬಿಚ್ಚಿಸಿದ್ದೀರಿ ಅಂತಲೂ ಕೇಳಲಿ.

ಈ ವರ್ಷ ಬಂದಿರುವ ಅರ್ಜಿ 31. ಲೆಕ್ಕ ಹಾಕಿದರೆ ಶುರು ಮಾಡಬಹುದಾದ ಮನೆ 12. ಉಳಿದ 19 ಕುಟುಂಬಗಳಿಗೆ ಈ ಸಲ ಆಗಲ್ಲ, ಗುಡಿಸಲು ಬಿಚ್ಚಬೇಡಿ ಅಂತ ಮನೆಮನೆಗೆ ಹೋಗಿ ಹೇಳಬೇಕು. ಫೋನಿನಲ್ಲಿ ಹೇಳೋದು ಬೇಡ ಅಂತ ಮೀಟಿಂಗಿನಲ್ಲಿ ಆಕೆಯೇ ಹೇಳಿದ್ದು. "ಲೆಕ್ಕ ಹಾಕಿದ್ದು ನೀನು ತಾನೆ, ನೀನೂ ಬಾ" ಅಂದಿದ್ದಾರೆ ಮೇಷ್ಟ್ರು. ಬರುವ ಶನಿವಾರ ಹೊರಟಿದ್ದೇನೆ.